ಚಿತ್ರಗಾರ ಬಿಟ್ಟ ಗೆರೆ

"ಇದೇನಿದು, ತಲೆದಿಂಬಿನೊಳಗೆ ಹಗ್ಗ ತುರುಕಿದ್ದೀರಾ?"

ಚಿತ್ರಗಾರ ತಂದ ಹಾಳೆಯನ್ನು ಅವಳು ಎರಡೇ ಬೆರಳಲ್ಲಿ ಹಿಡಿದಿದ್ದಳು, ಒದ್ದೆ ಕಾಲುಚೀಲ ಹಿಡಿದ ಹಾಗೆ.

"ಮೈಟೋಕಾಂಡ್ರಿಯ ಮೇಡಂ. ನೀವು ಕೊಟ್ಟ ಫೋಟೋ ನೋಡಿಯೇ ಬರೆದದ್ದು."

"ಫೋಟೋ ನೋಡೋದಕ್ಕೂ ಕಣ್ಣು ಬೇಕಾಗುತ್ತೆ."

ಕಣ್ಣೇನೋ ಇದ್ದವು. ಮೇಲೆ ಇಷ್ಟುದ್ದದ ರೆಪ್ಪೆ ಬೇರೆ. ಗಂಡಸಿಗೆ ಅಷ್ಟು ರೆಪ್ಪೆ ಯಾಕೆ, ಶುದ್ಧ ದಂಡ ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು. ಬೈದ ಮೇಲೂ ಇನ್ನೊಮ್ಮೆ ನೋಡಿದಳು.

ಲ್ಯಾಬಿನವರು ಅವಳಿಗೆ ಇಟ್ಟ ಹೆಸರು ವಜ್ರ. ಹೃದಯದ ಸ್ನಾಯುವನ್ನು ವಜ್ರದ ಅಲಗಿನಿಂದ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಡುವುದು ಅವಳ ಕೆಲಸ. ಅಲಗಿಗಿಂತ ನಾಲಿಗೆಯೇ ಹರಿತ ಎಂದು ಹೆದರುವ ವಿದ್ಯಾರ್ಥಿಗಳನ್ನು ಕಂಡರೆ ಅವಳಿಗೆ ತಾತ್ಸಾರ. ಹೆದರದವರನ್ನು ಕಂಡರೆ ಇನ್ನೂ ತಾತ್ಸಾರ. ಈಗ ಪಠ್ಯಪುಸ್ತಕಕ್ಕೆ ಚಿತ್ರ ಬರೆಯಲು ಬಂದ ಈತನೊಬ್ಬ ಆ ಹೆದರದವರ ಪಟ್ಟಿಗೆ ಸೇರಿದ್ದ.

"ಕೇಳಿಸ್ಕೊಳ್ಳಿ. ಹೊರಗೊಂದು ಪೊರೆ, ಒಳಗೊಂದು ಪೊರೆ. ಒಳಗಿನದು ಯಾಕೆ ಇಷ್ಟು ಮಡಿಕೆ ಬಿದ್ದಿದೆ?"

"ಜಾಗ ಸಾಲದೆ?"

"ಸದ್ಯ, ತಲೆ ಇದೆ. ಆ ಪೊರೆ ತುಂಬಾ ಪಂಪುಗಳು. ಪ್ರೋಟಾನ್‌ಗಳನ್ನ ಎರಡು ಪೊರೆಗಳ ಮಧ್ಯದ ಸಂದಿಗೆ ನೂಕ್ತಾನೇ ಇರ್ತವೆ. ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ವಾಪಸ್ ನುಗ್ಗೋಕೆ ಇರೋದು ತಿರುಗೋ ಬಾಗಿಲು ಮಾತ್ರ. ಅದು ತಿರುಗಿದಾಗ ಶಕ್ತಿ ತಯಾರಾಗುತ್ತೆ. ನಿಮ್ಮ ಎದೆ ಬಡಿತಾ ಇರೋದು ಅದರಿಂದ."

"ಅದರಿಂದ ಮಾತ್ರ ಅಂತ ಗ್ಯಾರಂಟಿ ಕೊಡ್ತೀರಾ?" ಎಂದು ಅವನು ಅವಳನ್ನೇ ನೋಡಿದ.

ಅವಳು ಕೇಳಿಸದವಳಂತೆ ಫೋಟೋ ಮೇಲೆ ಉಗುರಿಟ್ಟಳು. "ಮಡಿಕೆಗಳನ್ನ ಅಡ್ಡ ದಾಟೋ ಈ ಕಪ್ಪು ಗೆರೆ ಎಲ್ಲಿ? ನಾನು ಕಂಡುಹಿಡಿದ ಹೊಸ ಪೊರೆ ಅದು. ಬರೋ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ದೊಡ್ಡ ದೊಡ್ಡವರ ಮುಂದೆ ತೋರಿಸೋದೇ ಅದನ್ನ!"

"ಅದು ನನಗೆ ಪೊರೆ ಥರ ಕಾಣ್ಲಿಲ್ಲ..."

ಅವಳು ನಕ್ಕಳು. ಕುರ್ಚಿಗೆ ಒರಗಿ, ಕನ್ನಡಕ ತೆಗೆದು, ಮನಸಾರೆ ನಕ್ಕಳು. ಅವನು ಬಾಯಿ ಅರ್ಧ ತೆರೆದು ಹಾಗೇ ನಿಂತ. ಪೆದ್ದ, ಎಂದುಕೊಂಡಳು.

ಪೆದ್ದ ದಿನವೂ ಬಂದ. ಕಿಟಕಿಯ ಪಕ್ಕ ಕೂತು ಪೆನ್ಸಿಲ್ ಕೆತ್ತುತ್ತ, ಅವಳು ಬೈದರೆ ಮತ್ತೆ ಬರೆಯುತ್ತ, ಚಹಾ ತಂದು ಅವಳ ಪಕ್ಕ ಇಡುತ್ತ ಒಂದು ವಾರ ಕಳೆದ.

ಒಂದು ಮಧ್ಯಾಹ್ನ ಅವಳ ರೆಪ್ಪೆಕಡ್ಡಿ ಹಾಳಾಯಿತು. ಕೊಯ್ದ ಚೂರುಗಳು ಅಲಗಿನ ಪಕ್ಕದ ಪುಟ್ಟ ನೀರಿನ ತೊಟ್ಟಿಯಲ್ಲಿ ತೇಲುತ್ತವೆ. ಅವನ್ನು ಹರಿಯದಂತೆ ಸರಿಸಲು, ಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ರೆಪ್ಪೆಗೂದಲು ಬೇಕು. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕ ಅದೊಂದು ಕೂದಲು. ಅವಳ ರೆಪ್ಪೆಗಳು ಮೋಟು.

"ಒಂದು ಕೊಡಿ," ಎಂದಳು.

"ಏನು?"

"ರೆಪ್ಪೆ. ಹೇಗೂ ದಂಡಕ್ಕೆ ಇಟ್ಕೊಂಡಿದ್ದೀರಿ."

ಅವನು ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದ. ಅವಳು ಚಿಮಟ ಹಿಡಿದು ಬಗ್ಗಿದಳು. ಅವನ ಉಸಿರಿನಲ್ಲಿ ಪೆನ್ಸಿಲ್ಲಿನ ಮರದ ವಾಸನೆಯಿತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸುಮ್ಮನಿರದೆ ಹೊರಳುತ್ತಿತ್ತು. ಹತ್ತು ವರ್ಷದಲ್ಲಿ ಒಮ್ಮೆಯೂ ಗುರಿ ತಪ್ಪದ ಅವಳ ಚಿಮಟ ಎರಡನೆಯ ಸಲಕ್ಕೆ ಒಂದು ರೆಪ್ಪೆ ಕಿತ್ತಿತು.

"ನೋವಾಯ್ತಾ?"

"ಇನ್ನೊಂದು ಬೇಕಾ?" ಎಂದ, ಕಣ್ಣು ತೆರೆಯದೆ.

ಸಂಜೆ ಅಕ್ಕ ಫೋನಿನಲ್ಲಿ ಬೈದಳು. "ಅವನನ್ನ ಕಂಡ್ರೆ ಆಗಲ್ಲ ಅಂತೀಯ, ಅವನ ರೆಪ್ಪೆ ಕಿತ್ತು ಡಬ್ಬಿಯಲ್ಲಿ ಇಟ್ಕೊಂಡಿದ್ದೀಯ. ನಿನಗೇನು ತಲೆ ಕೆಟ್ಟಿದೆಯಾ?"

ಕೆಟ್ಟಿತ್ತು. ಆದರೆ ಒಪ್ಪಿಕೊಂಡರೆ ಅವಳು ವಜ್ರ ಹೇಗಾದಾಳು? ಬುಧವಾರ ಅವನು ಕೊನೆಯ ಚಿತ್ರ ತಂದ. ಒಂದೊಂದು ಮಡಿಕೆಯೂ ಉಸಿರಾಡುವಂತಿತ್ತು. ಗೆರೆ ಮಾತ್ರ ಇರಲಿಲ್ಲ.

"ನೋಡಿ ಬರೆಯೋಕೂ ಬರದವರಿಗೆ ಗೋಡೆಗೆ ಬಣ್ಣ ಹೊಡೆಯೋ ಕೆಲಸ ಕೊಡ್ಬೇಕಿತ್ತು," ಎಂದಳು, ಇಡೀ ಲ್ಯಾಬಿಗೆ ಕೇಳುವಂತೆ.

ಅವನು ಪೆನ್ಸಿಲ್‌ಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. "ಎಲ್ಲಾ ಕೋಶದಲ್ಲೂ ಆ ಗೆರೆ ಒಂದೇ ಕಡೆಗೆ ವಾಲಿದೆ ಮೇಡಂ. ಜೀವ ಇರೋದು ಯಾವುದೂ ಹಾಗೆ ಸಾಲಾಗಿ ನಿಲ್ಲಲ್ಲ. ಒಂದ್ಸಲ ತುಂಡನ್ನ ತಿರುಗಿಸಿಟ್ಟು ಕೊಯ್ದು ನೋಡಿ. ನಾಳೆಯಿಂದ ಬೇರೆಯವರು ಬರ್ತಾರೆ."

ಗುರುವಾರ ಬೆಳಿಗ್ಗೆ, ಅವನ ಮುಖಕ್ಕೆ ಹೊಡೆದ ಹಾಗೆ ತೋರಿಸಬೇಕೆಂದೇ ಅವಳು ತುಂಡನ್ನು ಕಾಲು ಸುತ್ತು ತಿರುಗಿಸಿ ಕೊಯ್ದಳು. ಅವನದೇ ರೆಪ್ಪೆಯಿಂದ ಚೂರುಗಳನ್ನು ಸರಿಸಿದಳು. ಪರದೆಯ ಮೇಲೆ ಮಡಿಕೆಗಳೆಲ್ಲ ಕಾಲು ಸುತ್ತು ತಿರುಗಿದ್ದವು. ಗೆರೆ ಇದ್ದಲ್ಲೇ ಇತ್ತು.

ಪೊರೆಯೂ ಅಲ್ಲ, ಮಣ್ಣೂ ಅಲ್ಲ. ವಜ್ರದ ಅಲಗು ಮುಕ್ಕಾಗಿತ್ತು. ಕೊಯ್ದ ಪ್ರತಿ ಚೂರನ್ನೂ ಅದು ಗೀರಿತ್ತು. ಮೊದಲ ವರ್ಷದ ವಿದ್ಯಾರ್ಥಿ ಇದೇ ತಪ್ಪು ಮಾಡಿದ್ದರೆ ಅವಳು ಅಳಿಸಿ ಕಳಿಸುತ್ತಿದ್ದಳು. ಈಗ ಅಳು ಬಂದದ್ದು ಅವಳಿಗೇ. ಗೆರೆ ಹೋಯಿತೆಂದಲ್ಲ, ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತೆಂದು.

ಮಧ್ಯಾಹ್ನ ಅವನ ಮನೆಯ ವಿಳಾಸ ಹುಡುಕಿಕೊಂಡು ಮೂರು ಮಹಡಿ ಹತ್ತಿದಳು. ಬಾಗಿಲು ತೆಗೆದವನ ಮೂಗಿನ ಮೇಲೆ ನೀಲಿ ಬಣ್ಣ ಹತ್ತಿತ್ತು.

"ನಾಳೆ ಎಲ್ಲರ ಮುಂದೆ ನಾನೇ ಹೇಳ್ತೀನಿ, ಅದು ಕತ್ತಿ ಗೀರಿದ ಗುರುತು ಅಂತ."

"ನಗ್ತಾರೆ."

"ನಗಲಿ. ನಾನು ಕಮ್ಮಿ ನಕ್ಕಿದ್ದೀನಾ?" ಅವಳು ಹೊಸ್ತಿಲ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಳು. "ಮೊದಲ ದಿನವೇ ಯಾಕೆ ಪೂರ್ತಿ ಹೇಳ್ಲಿಲ್ಲ?"

"ಹೇಳೋಕೇ ಹೊರಟಿದ್ದೆ. ನೀವು ಕನ್ನಡಕ ತೆಗೆದು ನಕ್ಕಿರಿ. ಚೆನ್ನಾಗಿತ್ತು. ಮಾತು ಮರೆತುಹೋಯ್ತು."

"ಥೂ! ಮಾನ ಮರ್ಯಾದೆ ಇಲ್ವಾ ನಿಮಗೆ?"

"ಬುಧವಾರದವರೆಗೂ ಇರ್ಲಿಲ್ಲ."

ಅವಳು ತಲೆ ತಗ್ಗಿಸಿದಳು. ಕ್ಷಮಿಸಿ ಎಂಬ ಮಾತು ಅವಳ ಬಾಯಿಗೆ ಹೊಸದು, ತೊದಲಿಯೇ ಹೊರಬಂತು. ಅದರ ಬೆನ್ನಿಗೇ ಇನ್ನೊಂದು: "ನನಗೆ ನೀವು ಬೇಕು."

"ಕೆಲಸಕ್ಕಾ?"

"ಕೆಲಸಕ್ಕೆ ರೆಪ್ಪೆ ಸಾಕು, ಪೆದ್ದ."

ಅವನು ಅಂದಿನಂತೆಯೇ ಕಣ್ಣು ಮುಚ್ಚಿ ಮುಖ ಮುಂದೆ ಚಾಚಿದ. ಈ ಸಲ ಅವಳ ಕೈಯಲ್ಲಿ ಚಿಮಟ ಇರಲಿಲ್ಲ.