ಬೆನ್ನಿಗಿದ್ದ ಗಂಟೆ

ಆ ಬೆಳಗ್ಗೆ ಕವಿದ ಮಂಜಿನಲ್ಲಿ ಚಾಚಿದ ಕೈ ಕಾಣುತ್ತಿರಲಿಲ್ಲ. ಫ್ರಾಂಕರ ಕರಾವಳಿಯ ನಮ್ಮ ದ್ವೀಪಕ್ಕೆ ಉತ್ತರದ ದರೋಡೆಕೋರರ ಹಡಗುಗಳು ಬಂದಿದ್ದವು. ಉಬ್ಬರ ಏರುವ ಮುಂಚೆ ನಾವು ಸನ್ಯಾಸಿಗಳು ಸಂತನ ಅಸ್ಥಿಪೆಟ್ಟಿಗೆ ಹೊತ್ತು, ಇಳಿತಕ್ಕೆ ತೆರೆದುಕೊಂಡ ಮರಳಿನ ಮೇಲೆ ನಡೆದೇ ಆಚೆ ದಡ ಸೇರಬೇಕಿತ್ತು.

ಮಠದ ಗಂಟೆ ಬಾರಿಸುವ ಎರ್ಮೆನಾಲ್ಡಜ್ಜ ಬರಲೊಪ್ಪಲಿಲ್ಲ. "ಈ ಮಂಜಲ್ಲಿ ದಾರಿ ಹೇಳೋರು ಬೇಡ್ವೇನ್ರೋ? ಗಂಟೆ ಸದ್ದು ಬೆನ್ನಿಗಿಟ್ಕೊಂಡು ನಡೀರಿ."

ಹಗ್ಗ ಕೈ ಕೊಯ್ದೀತೆಂದು ನನ್ನ ಹೊಸ ಉಣ್ಣೆಯ ಕೈಗವಸು ಕೊಟ್ಟೆ.

"ವಾಪಸ್ ಕೊಡ್ತೀನಪ್ಪಾ, ನಿನ್ನಂಥ ಜಿಪುಣನ ಋಣ ಯಾರಿಗೆ ಬೇಕು!" ಎಂದು ನಕ್ಕ.

ಸಂತನನ್ನು ಹೊತ್ತವರು ಹಿಂದಿರುಗಿ ನೋಡುವಂತಿಲ್ಲ. ಸುಟ್ಟ ವಾಸನೆ ಬಂತು, ನೀರು ಮೊಣಕಾಲಿಗೇರಿತು. ಎಷ್ಟು ದೂರ ನಡೆದರೂ ಗಂಟೆಯ ಸದ್ದು ಕುಗ್ಗಲಿಲ್ಲ. ಬೆನ್ನಿಗೆ ಮೊಳದ ದೂರದಲ್ಲೇ ಇದ್ದಂತಿತ್ತು. ಒಬ್ಬರೂ ದಾರಿ ತಪ್ಪಲಿಲ್ಲ. ದೇವರು ದೊಡ್ಡವನು, ನಮ್ಮಜ್ಜನೂ ಸಣ್ಣವನಲ್ಲ.

ಸಂಜೆ, ದ್ವೀಪದಲ್ಲಿ ಉಪ್ಪು ತೆಗೆಯುವ ಬೆರ್ತಿಲ್ಡಕ್ಕ ದೋಣಿಯಲ್ಲಿ ಬಂದಳು. ಅಜ್ಜನ ಗಂಟೆ ದಡ ಮುಟ್ಟುವವರೆಗೂ ಕೇಳಿಸಿತೆಂದೆ.

"ಎಲ್ಲಿಯ ಗಂಟೆ ಸ್ವಾಮಿ? ನೀವು ಮರಳಿಗಿಳಿಯೋ ಹೊತ್ತಿಗೇ ಅಜ್ಜನ್ನ ಕಡಿದು, ಗಂಟೆ ಇಳಿಸಿ ಹಡಗಿಗೆ ಹಾಕಿದ್ರು. ಎರಡು ಸಲ ಹಗ್ಗ ಎಳೆದಿದ್ನೋ ಇಲ್ವೋ. ಪ್ರಾಣ ಹೋಗೋವಾಗ ಇದನ್ನ ನಿಮಗೆ ಮುಟ್ಟಿಸು ಅಂದ."

ಕೈಗವಸುಗಳನ್ನು ನನ್ನ ಕೈಗಿಟ್ಟಳು. ಅವು ಇನ್ನೂ ಬೆಚ್ಚಗಿದ್ದವು. ಅಂಗೈಯ ಉಣ್ಣೆಯೆಲ್ಲ ಹಗ್ಗ ಉಜ್ಜಿ ಸವೆದು, ತೂತಾಗಿತ್ತು.