ಎಣ್ಣೆ ಮಿಲ್ಲಿನ ಮೇಲಿನ ಗುರುವಾರಗಳು

"ಇದು ಕಂಡಕ್ಟರ್ ಸೀಟು. ಡಬ್ಬ ಎತ್ಕಳ್ರಿ."

ಮೊಳಕಾಲ್ಮೂರು ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡಲು ಎರಡೇ ನಿಮಿಷ ಉಳಿದಿತ್ತು. ತೇಜಶ್ರೀ ಕೂರಬೇಕಾದ ಸೀಟಿನ ಮೇಲೆ ದೊಡ್ಡದೊಂದು ರಟ್ಟಿನ ಡಬ್ಬ ಆರಾಮವಾಗಿ ಕೂತಿತ್ತು. ಅದರ ಪಕ್ಕದಲ್ಲಿ ಮಗುವಿನ ಬೆನ್ನಿಗೆ ಕೈ ಇಟ್ಟಂತೆ ಡಬ್ಬಕ್ಕೆ ಕೈ ಆನಿಸಿ ನಿಂತಿದ್ದವನು ಮೂವತ್ತರ ಆಸುಪಾಸಿನ, ಕನ್ನಡಕದ ಗಂಡಸು.

ಮೇಲಿಟ್ಟರೆ ಹಳ್ಳಕ್ಕೆ ಇಳಿದಾಗ ಬೀಳುತ್ತದೆ, ಕೆಳಗಿಟ್ಟರೆ ಯಾರಾದರೂ ತುಳಿಯುತ್ತಾರೆ ಎಂದು ಅವನು ತಗ್ಗಿದ ದನಿಯಲ್ಲಿ ವಿವರಿಸಿದ.

"ಏನೈತೆ ಅದ್ರಲ್ಲಿ?"

"ಟಿವಿಗೆ ಹಾಕಿ ಆಡೋ ಗೇಮು."

ಆಟದ ಸಾಮಾನಿಗೆ ಸೀಟು ಬೇರೆ ಕೇಡು ಎಂದು ಹತ್ತು ಜನ ಕೇಳುವಂತೆ ಬೈದು, ಅವಳು ಡಬ್ಬವನ್ನು ಅವನ ಕೈಗೇ ಎತ್ತಿಕೊಟ್ಟಳು. ಅವನು ಹಿಂದಿನ ಸೀಟಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಿ.ಜಿ.ಕೆರೆ ದಾಟಿತು, ತಳಕು ದಾಟಿತು... ಆಸಾಮಿ ಒಮ್ಮೆಯೂ ಕಾಲು ಬದಲಿಸಲಿಲ್ಲ.

ತೇಜಶ್ರೀಗೆ ಯಾಕೋ ಒಳಗೊಳಗೇ ಇರುಸುಮುರುಸಾಯಿತು. ಇಷ್ಟು ಒರಟಾಗಿ ಅನ್ನಬಾರದಿತ್ತು...

ಚಳ್ಳಕೆರೆಯಲ್ಲಿ ಜನ ಇಳಿದರು. ಮುಂದಿನ ಟ್ರಿಪ್ಪಿಗೆ ಇಪ್ಪತ್ತು ನಿಮಿಷವಿತ್ತು. ಆ ಇಪ್ಪತ್ತು ನಿಮಿಷ ಅವಳದು. ಫೋನು ತೆಗೆದು ಕಾರು ಓಡಿಸುವ ಆಟಕ್ಕೆ ಕೂತಳೆಂದರೆ ಡ್ರೈವರ್ ಸೂರಪ್ಪ ಕರೆದರೂ ಕೇಳಿಸದು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದಲ್ಲಿ ಅವಳಿಗೆ ಅಂಟಿದ್ದ ಚಟ ಅದೊಂದೇ.

ಅವತ್ತು ತಿರುವಿನಲ್ಲಿ ಕಾರು ಗೋಡೆಗೆ ಬಡಿಯಿತು.

"ಬ್ರೇಕ್ ಹಾಕಿದ್ರೆ ಸಾಕಿತ್ತು," ಎಂದಿತು ಬೆನ್ನ ಹಿಂದಿನ ದನಿ. ಡಬ್ಬದವನು ಇನ್ನೂ ಇಳಿದಿರಲಿಲ್ಲ.

"ಈ ಗೇಮಲ್ಲಿ ಬ್ರೇಕೇ ಇಲ್ಲ."

"ಇದ್ರಲ್ಲಿ ಐತೆ," ಎಂದು ಡಬ್ಬ ತಟ್ಟಿ ಅವನು ನಕ್ಕ.

ಹೆಸರು ವಿಶ್ವನಾಥ್. ಅಪ್ಪ ಜಂಬುಲಿಂಗಪ್ಪನವರದು ಚಳ್ಳಕೆರೆಯಲ್ಲೇ ಶೇಂಗಾ ಎಣ್ಣೆ ಮಿಲ್ಲು. ಇವನು ಡಿಪ್ಲೊಮಾ ಓದಿ ಮಾರುಕಟ್ಟೆಯ ತೂಕದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಹೋದ ವರ್ಷ ಮಿಲ್ಲಿನ ಮೇಲಿನ ಕೋಣೆಯಲ್ಲಿ ಎರಡು ಟಿವಿ ಇಟ್ಟು ಗೇಮ್ ರೂಮು ತೆರೆದಿದ್ದ. ಊರಲ್ಲಿ ಎಲ್ಲರ ಕೈಯಲ್ಲೂ ಫೋನಿದೆ, ಅರ್ಧ ಜನ ಅದರಲ್ಲಿ ಆಡುತ್ತಾರೆ, ಇವತ್ತು ಬೆರಳಲ್ಲಿ ಆಡುವವರು ನಾಳೆ ದೊಡ್ಡ ಆಟಕ್ಕೆ ಬಂದೇ ಬರುತ್ತಾರೆ ಎಂಬುದು ಅವನ ನಂಬಿಕೆ. ಬರುತ್ತಿದ್ದವರು ಮಾತ್ರ ಮೊದಲೇ ಆ ಆಟ ಬಲ್ಲ ನಾಲ್ಕಾರು ಜನ. ಫೋನಿನವರನ್ನು ಕರೆದರೆ, ಜೇಬಲ್ಲೇ ಇರುವಾಗ ಮೆಟ್ಟಿಲು ಯಾಕೆ ಹತ್ತಬೇಕು ಎನ್ನುತ್ತಿದ್ದರು.

ಅವನು ಕರೆದಾಗ ತೇಜಶ್ರೀಯೂ ಅವತ್ತು ಅದನ್ನೇ ಅಂದಳು.

ಆದರೂ ಮುಂದಿನ ಗುರುವಾರ, ವಾರದ ರಜೆಯ ದಿನ, ತನ್ನೂರು ದೊಡ್ಡಉಳ್ಳಾರ್ತಿಯಿಂದ ಬಂದು ಆ ಮೆಟ್ಟಿಲು ಹತ್ತಿದಳು. 'ಒಂದು ಸಲ ನೋಡಿ ಬಂದುಬಿಡೋಣ, ಅಷ್ಟೇ...'

ಕೋಣೆಯ ತುಂಬಾ ಶೇಂಗಾ ಹಿಂಡಿಯ ಘಮ. ವಿಶ್ವನಾಥ್ ಕಂಟ್ರೋಲರನ್ನು ಅವಳ ಕೈಗಿಟ್ಟ. ಫೋನಿನಲ್ಲಿ ಒಂದು ಹೆಬ್ಬೆರಳಿಗಿದ್ದ ಕೆಲಸ ಇಲ್ಲಿ ಎರಡೂ ಕೈಗೆ ಬಂದಿತ್ತು. ಒಂದು ಬೆರಳಿಗೆ ವೇಗ, ಇನ್ನೊಂದಕ್ಕೆ ಬ್ರೇಕು, ತಿರುಗಿಸಲು ಬೇರೆ, ಸುತ್ತ ನೋಡಲು ಬೇರೆ. ಅವಳ ಕಾರು ಗೋಡೆಗೆ ಗುದ್ದಿತು, ಹುಲ್ಲಿಗೆ ಇಳಿಯಿತು, ಹಿಂದೆ ಮುಂದಾಗಿ ನಿಂತಿತು. ಅವಮಾನದಿಂದ ಕಿವಿ ಬಿಸಿಯಾಯಿತು.

ಅವನು ನಗಲಿಲ್ಲ. ಕೈ ಮುಟ್ಟಿ ತೋರಿಸುವ ನೆಪವನ್ನೂ ಹುಡುಕಲಿಲ್ಲ. ತನ್ನ ಕಂಟ್ರೋಲರನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದು, ಯಾವ ಬೆರಳು ಎಲ್ಲಿ ಎಂದು ನಿಧಾನವಾಗಿ ತೋರಿಸಿದ. ಹತ್ತನೇ ಸಲವೂ ಮೊದಲನೇ ಸಲದಷ್ಟೇ ನಿಧಾನ.

'ಇಂಥ ತಾಳ್ಮೆ ಗಂಡಸರಿಗೂ ಇರ್ತದಾ?' ಎಂದುಕೊಂಡಳು. ಎದೆಯೊಳಗೆ ಏನೋ ಮೆತ್ತಗಾಯಿತು.

ಮರುದಿನ ಬಸ್ಸಿನಲ್ಲಿ ಸೂರಪ್ಪನ ಕೈಯನ್ನೇ ನೋಡುತ್ತ ನಿಂತಳು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ತಿರುವು ಬರುವ ಎಷ್ಟೋ ಮೊದಲೇ ಕಾಲು ಸಡಿಲಿಸುತ್ತಿದ್ದ. ಹೇಗೆ ಎಂದು ಕೇಳಿದಳು. ಬಸ್ಸಿನ ಮೂತಿ ನೋಡಬಾರದು, ರಸ್ತೆ ಎಲ್ಲಿಗೆ ಹೋಗುತ್ತದೋ ಅಲ್ಲಿ ನೋಡಬೇಕು ಎಂದ ಸೂರಪ್ಪ.

ಮೂರನೇ ಗುರುವಾರ ಅವಳು ರಸ್ತೆ ಹೋಗುವ ಕಡೆ ನೋಡಿದಳು. ತಿರುವಿಗೆ ಮೊದಲೇ ಬ್ರೇಕು, ಆಮೇಲೆ ಮೆಲ್ಲಗೆ ವೇಗ... ಕಾರು ಬೆಣ್ಣೆಯಂತೆ ಜಾರಿತು. ಒಮ್ಮೆಗೇ ಎಡಕ್ಕೆ ಸಮುದ್ರ ತೆರೆದುಕೊಂಡಿತು. ಗೋಡೆಯಗಲದ ನೀಲಿ, ಅದರ ಮೇಲೆ ಹೊತ್ತು ಮುಳುಗುವ ಬಣ್ಣ. ಫೋನಿನಲ್ಲಿ ನಾಲ್ಕು ವರ್ಷ ಕಾರು ಓಡಿಸಿದ್ದರೂ ಅವಳು ಎಲ್ಲಿಗೂ ಹೋಗಿರಲಿಲ್ಲ. ಇವತ್ತು ಎಲ್ಲಿಗೋ ಹೋಗಿ ಬಂದಂತಿತ್ತು.

ತಿರುಗಿ ನೋಡಿದರೆ ವಿಶ್ವನಾಥ್ ಎದ್ದು ನಿಂತಿದ್ದ. ಅವನು ಟಿವಿ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಆಮೇಲೆ ಗುರುವಾರಗಳು ಬೇಗ ಬೇಗ ಬಂದವು. ಇಬ್ಬರೂ ಜೊತೆಯಲ್ಲಿ ಆಡಿದರು. ನಡುನಡುವೆ ಕೆಳಗಿನ ಅಂಗಡಿಯ ಚಹಾ, ಅವಳ ಬಸ್ಸಿನ ಕಥೆಗಳು, ಅವನ ತೂಕದ ಯಂತ್ರದ ಕಥೆಗಳು. ಎಷ್ಟೋ ಹೊತ್ತು ಆಟ ನಿಂತೇ ಇರುತ್ತಿತ್ತು. ಇಬ್ಬರಿಗೂ ಅದರ ನೆನಪೇ ಇರುತ್ತಿರಲಿಲ್ಲ.

ಆರನೇ ಗುರುವಾರ ಮೆಟ್ಟಿಲ ಅರ್ಧದಲ್ಲಿದ್ದಾಗ ಮೇಲಿನಿಂದ ಮಾತು ಕೇಳಿತು. ಜಂಬುಲಿಂಗಪ್ಪ ಮಗನನ್ನು ಗದರಿಸುತ್ತಿದ್ದರು. ಯುಗಾದಿವರೆಗೆ ಗಡುವು ಕೊಟ್ಟಿದ್ದೆ, ಆಮೇಲೆ ಇಲ್ಲಿ ಹಿಂಡಿ ಚೀಲ ಇಡುತ್ತೇನೆ, ಫೋನು ಬಿಟ್ಟು ಬಂದವರು ಒಬ್ಬರಾದರೂ ಇದ್ದಾರಾ ಎಂದು ಕೇಳುತ್ತಿದ್ದರು.

"ಆ ಕಂಡಕ್ಟರ್ ಮೇಡಂ ಬರ್ತಾರಲ್ಲ ಅಪ್ಪಾಜಿ. ಅವ್ರೊಬ್ರೇ ಸಾಕು ನಿಮಗೆ ಸಾಕ್ಷಿ."

ತೇಜಶ್ರೀಯ ಕಾಲು ಅಲ್ಲೇ ನಿಂತಿತು.

ಸಾಕ್ಷಿ... ಹಾಗಾದರೆ ಆ ತಾಳ್ಮೆ, ಆ ನೋಟ, ಆ ಚಹಾ ಎಲ್ಲ ಅದಕ್ಕೇನಾ? ಅಪ್ಪನ ಮುಂದೆ ಗೆಲ್ಲಲು ಅವನಿಗೊಂದು ಫೋನಿನ ಗಿರಾಕಿ ಬೇಕಿತ್ತು. ನಾನು ಸಿಕ್ಕಿದೆ.

ಸದ್ದಾಗದಂತೆ ಇಳಿದು ಹೋದಳು.

ಮರುದಿನವೇ ಡಿಪೋದಲ್ಲಿ ಕೇಳಿಕೊಂಡು ಗೌರಸಮುದ್ರದ ರೂಟು ಹಾಕಿಸಿಕೊಂಡಳು. ಅವನ ಫೋನು ಎತ್ತಲಿಲ್ಲ. ಒಂದು ದಿನ ಅವನು ನಿಲ್ದಾಣಕ್ಕೇ ಬಂದು ಬಾಗಿಲ ಬಳಿ ನಿಂತಾಗ, ಬೇರೆಲ್ಲೋ ನೋಡುತ್ತ ಸೀಟಿ ಊದಿದಳು. ಬಸ್ಸು ಹೊರಟಿತು. ಊರ ಹೊರಗಿನ ಬಯಲು ಬರುವ ಹೊತ್ತಿಗೆ ಟಿಕೆಟ್ ಮಷಿನ್ನಿನ ಅಂಕಿಗಳು ಮಂಜಾಗಿದ್ದವು. ಮನೆಯಲ್ಲಿ ಅವ್ವ ನಿಂಗಕ್ಕ, ಗುರುವಾರ ಯಾಕೆ ಮನೆಯಲ್ಲೇ ಇದ್ದೀಯ ಎಂದು ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಮೂರು ವಾರ ಹೀಗೇ ಕಳೆಯಿತು.

ಗೌರಸಮುದ್ರದ ಬಸ್ಸಿನಲ್ಲಿ ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಉಚಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡು ನೀಡಿದರು. ತೇಜಶ್ರೀ ಓದಿದಳು. ತಿಪ್ಪೇರುದ್ರಮ್ಮ, ಗಂಡ ಜಂಬುಲಿಂಗಪ್ಪ. ಕಾರ್ಡು ಅವಳ ಕೈಯಲ್ಲೇ ಉಳಿಯಿತು. ಆ ಹೆಂಗಸೂ ಅವಳ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದುತ್ತಿದ್ದರು.

"ನೀನೇನಮ್ಮ ನಮ್ ವಿಶ್ವನ ಕಂಡಕ್ಟರ್ರು?"

ತೇಜಶ್ರೀ ಟಿಕೆಟ್ಟನ್ನೂ ಕಾರ್ಡನ್ನೂ ಅವರ ಕೈಗಿಟ್ಟಳು. ತಿಪ್ಪೇರುದ್ರಮ್ಮ ಪಕ್ಕದ ಜಾಗ ತೋರಿಸಿ ಕೂರಿಸಿಕೊಂಡು, ಮಗ ಯಾರಿಗೂ ಹೇಳದ್ದನ್ನು ಹೇಳಿದರು. ಸಾಕ್ಷಿಯ ಮಾತು ಬಂದ ಆ ಗುರುವಾರ ಯಜಮಾನರು, ಆ ಹುಡುಗಿಯನ್ನು ಕರೆದು ನನ್ನ ಮುಂದೆ ಆಡಿಸು, ಕಣ್ಣಾರೆ ಕಂಡರೆ ಇನ್ನೊಂದು ವರ್ಷ ಕೋಣೆ ಬಿಡುತ್ತೇನೆ ಎಂದಿದ್ದರಂತೆ.

"ಇವ್ನು ಆಗಲ್ಲ ಅಂದ. ಅವ್ರನ್ನ ತೋರಿಕೆಗೆ ಕೂರ್ಸಲ್ಲ, ಬೇಕಾದ್ರೆ ರೂಮು ತಗಳ್ರಿ ಅಂದ. ನಾಳೆ ಬೋರ್ಡು ಇಳಿಸ್ತಾನಂತೆ ಕಣಮ್ಮ."

ಮರುದಿನ ಡ್ಯೂಟಿ ಮುಗಿಸಿ, ಖಾಕಿ ಬಟ್ಟೆಯಲ್ಲೇ ತೇಜಶ್ರೀ ಮಿಲ್ಲಿನ ಮೆಟ್ಟಿಲು ಹತ್ತಿದಳು. ವಿಶ್ವನಾಥ್ ಸ್ಟೂಲಿನ ಮೇಲೆ ನಿಂತು ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದ. ಅವಳನ್ನು ಕಂಡು ಕೈ ಹಾಗೇ ನಿಂತಿತು.

"ಅವತ್ತು ಮೆಟ್ಟಿಲಲ್ಲಿ ಕೇಳಿಸ್ಕಂಡೆ. ನನ್ನ ಸಾಕ್ಷಿ ಅಂದಿದ್ದು ನಿಜಾನಾ?" ಎಂದು ನೇರವಾಗಿ ಕೇಳಿದಳು.

ಅವನು ಕೆಳಗಿಳಿದ. ಸುಳ್ಳು ಹೇಳಲಿಲ್ಲ.

"ನಿಜ. ಬಸ್ಸಲ್ಲಿ ಕರೆದಾಗ ಅದಕ್ಕೇ ಕರೆದೆ. ಮೂರನೇ ವಾರ ನೀವು ಆ ಸಮುದ್ರ ನೋಡಿದ್ರಲ್ಲ... ಆಮೇಲೆ ಅದು ಮರ್ತೇ ಹೋಗಿತ್ತು. ಅಪ್ಪಾಜಿ ಕೇಳಿದಾಗ ಬಾಯಿಗೆ ಬಂತು. ತಪ್ಪಾಯ್ತು."

ತೇಜಶ್ರೀ ಅವನನ್ನೇ ನೋಡಿದಳು. ಕ್ಷಮೆ ಕೇಳುವವರನ್ನು ಬಸ್ಸಿನಲ್ಲಿ ದಿನಾ ನೋಡುತ್ತಿದ್ದಳು. ನೆಪ ಹೇಳದೆ ಕೇಳುವವರು ಅಪರೂಪ.

"ನಿಮ್ಮ ತಂದೆಯವರನ್ನ ಕರೀರಿ."

"ಬೇಡ ತೇಜಶ್ರೀ. ನಿಮ್ಮನ್ನ ಹಂಗೆ ಕೂರ್ಸಕ್ಕೆ..."

"ನೀವು ಕೂರ್ಸೋದು ಬೇರೆ. ನಾನೇ ಕೂರೋದು ಬೇರೆ."

ಜಂಬುಲಿಂಗಪ್ಪ ಬಂದು ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಅವಳು ಆಡಿದಳು. ಒಂದು ತಿರುವೂ ತಪ್ಪಲಿಲ್ಲ. ಸಮುದ್ರ ತೆರೆದುಕೊಂಡಾಗ ಹಿರಿಯರು ಕಟ್ಟಿದ್ದ ಕೈ ಬಿಚ್ಚಿದರು, ಆಮೇಲೆ ಕುರ್ಚಿ ಎಳೆದುಕೊಂಡರು. ತಾವೂ ಮಿಲ್ಲಿನ ಗಲ್ಲಾದಲ್ಲಿ ಕೂತು ಫೋನಿನಲ್ಲಿ ಲೂಡೋ ಆಡುವವರೇ ಎಂಬುದು ಆಗ ಬಯಲಾಯಿತು. ಒಂದು ಸಲ ನನಗೂ ಕೊಡಮ್ಮ ಎಂದರು. ನಾಲ್ಕು ಸಲ ಗೋಡೆಗೆ ಗುದ್ದಿದರು, ಐದನೇ ಸಲಕ್ಕೂ ಕೈಯಿಂದ ಬಿಡಲಿಲ್ಲ. ಕೆಳಗಿಂದ ಹಮಾಲರು ಕೂಗಿದಾಗಲೇ ಎದ್ದದ್ದು. ಹಿಂಡಿ ಚೀಲಕ್ಕೆ ಬೇರೆ ಜಾಗ ನೋಡುತ್ತೇನೆ ಎಂದು ಗೊಣಗುತ್ತ ಇಳಿದು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಗೆದ್ರಿ ನೀವು," ಎಂದಳು ತೇಜಶ್ರೀ. "ಫೋನಿನೋರು ಬರ್ತಾರೆ ಅಂತ ನಿಮ್ಮ ತಂದೆ ಒಪ್ಪಿದ್ರು. ಆದ್ರೆ ಒಂದು ಹೇಳ್ಬೇಕು. ನಾನು ಒಳ್ಳೆ ಸಾಕ್ಷಿ ಅಲ್ಲ."

"ಯಾಕೆ?"

ಅವಳು ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು.

"ಮೊದಲನೇ ಗುರುವಾರ ಆಟ ನೋಡಕ್ಕೆ ಬಂದೆ. ಆಟ ಚೆಂದ ಐತೆ, ಇಲ್ಲ ಅನ್ನಲ್ಲ. ಆದ್ರೆ ಉಳಿದ ಗುರುವಾರ ಬಂದಿದ್ದು... ಅದೊಂದಕ್ಕೇ ಅಲ್ಲ."

ವಿಶ್ವನಾಥ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಹಾಕಿಕೊಳ್ಳುವುದನ್ನೇ ಮರೆತ.

"ಮುಂದಿನ ಗುರುವಾರ ನಾನೇ ದೊಡ್ಡಉಳ್ಳಾರ್ತಿಗೆ ಬರ್ಲಾ? ನಿಮ್ಮವ್ವನ್ನ ನೋಡಕ್ಕೆ?"

"ಬಂದು ಏನಂತೀರಾ?"

"ನಿಮ್ ಮಗಳನ್ನ ನಮ್ಮನೆಗೆ ಕಳ್ಸಿಕೊಡ್ರಿ ಅಂತೀನಿ."

"ಹಂಗೇ ಹೇಳ್ರಿ. ಸುತ್ತಿ ಬಳಸಿ ಮಾತಾಡೋರು ಅವ್ವಗೆ ಸೇರಲ್ಲ."

"ನಿಮಗೆ?"

"ನನಗೂ ಸೇರಲ್ಲ," ಎಂದಳು. ಕಣ್ಣು ತುಂಬಿ, ನಗು ಬಂದಿತ್ತು. "ಆದ್ರೂ ನಿಮ್ಮನ್ನ ಆರು ವಾರ ತಡ್ಕೊಂಡೆ ನೋಡ್ರಿ."