ಒಣಗದ ಹಾಳೆಗಳು

ದೇವರ ಹೆಸರು ಬರೆದ ಹಳೆಯ ಹಾಳೆಗಳನ್ನು ನಾವು ಯಹೂದ್ಯರು ಎಸೆಯುವುದಿಲ್ಲ, ಹೆಣದಂತೆ ಹೂಳುತ್ತೇವೆ. ರಬ್ಬಿ, ಅಂದರೆ ಧರ್ಮಗುರುವಾದ ನನ್ನ ಗಂಡ, ನಮ್ಮ ಮೊರಾವಿಯಾದ ಊರಿನ ಚರಿತ್ರೆ ಕೂಡಿಹಾಕುವ ಹುಚ್ಚಿನಲ್ಲಿ, ಅವನ್ನು ಸ್ಮಶಾನದಿಂದ ಅಗೆದು ತಂದು ಊಟದ ಮೇಜಿನ ಮೇಲೆ ಹರವಿದರು.

“ಥೂ! ಹೆಣ ನಾರ್ತಿದೆ. ಹೂತಿದ್ದನ್ನ ಯಾರಾದ್ರೂ ಮನೆಗೆ ತರ್ತಾರೇನ್ರೀ?” ಎಂದೆ.

“ಸುಮ್ನಿರೇ ಬ್ರೆಂದೆಲ್, ನಾಲ್ಕು ಬಿಸಿಲು ಬಿದ್ರೆ ಒಣಗತ್ತೆ.”

ಒಣಗಲಿಲ್ಲ. ಆ ತೊಗಲಿನ ಹಾಳೆಗಳು ಬೆವರಿದ ಮೈಯಂತೆ ಜಿಡ್ಡಾಗಿ, ಬೆಚ್ಚಗಿದ್ದವು. ಅವರು ಕತ್ತರಿಸಿ ಸಮ ಮಾಡಿದ ಅಂಚು ಮರುದಿನ ಉಗುರಿನಂತೆ ಮತ್ತೆ ಬೆಳೆದಿರುತ್ತಿತ್ತು.

ಕೊನೆಗೆ ಜಗಳವಾಡಿ ಎಲ್ಲವನ್ನೂ ವಾಪಸು ಹೂಳಿಸಿದೆ. ಮೇಜನ್ನು ಬೂದಿ ಹಾಕಿ ಉಜ್ಜಿದೆ.

ಈ ಶುಕ್ರವಾರ ಸಂಜೆ, ನಮ್ಮ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ರೊಟ್ಟಿಯನ್ನು ಅವರು ಮುರಿದು ಹಂಚಿದಾಗ ನನ್ನ ಪಾಲಿನೊಳಗೆ ಹಾಳೆಯ ಅಂಚೊಂದು ಸಿಕ್ಕಿತು. ಬೆಂದಿರಲಿಲ್ಲ, ಮೆತ್ತಗಿತ್ತು. ಮೊದಲ ತುತ್ತನ್ನು, ಮನೆಯ ಯಜಮಾನನೇ ತಿನ್ನುವ ಪದ್ಧತಿಯಂತೆ, ಅವರು ಆಗಲೇ ನುಂಗಿದ್ದರು.